ನಾಲ್ಕು ಬೆರಳಿನಷ್ಟು ಗೆರೆ

ಶಾಲೆಯಿಂದ ಬಂದ ಹಾಳೆ. ಏಳನೆಯ ಪ್ರಶ್ನೆ:
ಮನೆಯಲ್ಲಿ ಆಡುವ ಮಾತು ಯಾವುದು?
ಎದುರಿಗೆ ನಾಲ್ಕು ಬೆರಳಿನಷ್ಟು ಗೆರೆ.

ಸೊದೆರ್ತೆಲ್ಯೆ ಪೇಟೆ, ರೊನ್ನಾ ಬಡಾವಣೆ, ಮೂರನೆಯ ಮಹಡಿ.
ಮಧ್ಯಾಹ್ನ ಮೂರಕ್ಕೇ ಕತ್ತಲು.
ದೀಪ ಹಾಕಿ, ಪೆನ್ನು ಹಿಡಿದು ಕೂತಿದ್ದೇನೆ.
‘ಸುರಯ್ತ್’ ಅಂತ ಗೀಚಿದರೆ ಮುಗಿಯಿತು.
ಪಕ್ಕದ ಮನೆಯ ಬಸ್ಸೋ ಹಾಗೇ ಬರೆದಳಂತೆ.
ಸುಳ್ಳೂ ಅಲ್ಲ.

ಆದರೆ ನನ್ನ ಗಂಡ ಮಲ್ಕೆ ಕಾಸು ಎಣಿಸುವುದು ತುರ್ಕಿಯಲ್ಲಿ.
ಮಿದ್ಯಾತಿನ ಶಾಲೆಯಲ್ಲಿ ಮೇಷ್ಟ್ರು
ಬೆರಳ ಗೆಣ್ಣಿಗೆ ಹೊಡೆದು ಕೂರಿಸಿದ ಅಂಕಿಗಳು,
ನಲವತ್ತು ವರ್ಷವಾದರೂ ಎದ್ದಿಲ್ಲ.
ನಾನು ಕಮಿಷ್ಲಿಯವಳು. ಸಿಟ್ಟು ಬಂದರೆ ಅರಬ್ಬಿ.
ಅವನಿಗೆ ಅರಬ್ಬಿ ಅರ್ಧ, ನನಗೆ ತುರ್ಕಿ ಕಾಲು;
ನಮ್ಮ ಜಗಳದಲ್ಲಿ ಮುಕ್ಕಾಲು ಪಾಲು ಪೋಲು.
ಸಂಸಾರ ಉಳಿದದ್ದು ಹಾಗೇ ಇರಬೇಕು.

ಮಗ ಅಫ್ರೇಮ್ ಕನವರಿಸುವುದು ಸ್ವೀಡಿಷ್.
ಹೊದಿಕೆ ಸರಿಮಾಡುತ್ತ ಕೇಳಿಸಿಕೊಂಡೆ ಮೊನ್ನೆ:
ಯಾರೋ ಮೋಸ ಮಾಡಿದರಂತೆ,
ಗೋಲಿಗೆ ಇವನೇ ನಿಲ್ಲಬೇಕಂತೆ.
ಆ ಕನಸಿನಲ್ಲಿ ನಾನೂ ಇದ್ದರೆ
ಖಂಡಿತ ತಪ್ಪುತಪ್ಪಾಗಿ ಮಾತಾಡುತ್ತಿರುತ್ತೇನೆ.

ಇನ್ನು ಅತ್ತೆ, ಸೈದೆ.
ಪ್ರಾರ್ಥನೆಗೆ ಅವಳದು ಇಗರ್ಜಿಯ ಹಳೆಯ ಮಾತು.
ಅರ್ಥ ಕೇಳಿದರೆ,
‘ದೇವರಿಗೆ ಗೊತ್ತಾದರೆ ಸಾಕು, ನನಗ್ಯಾಕೆ’ ಎನ್ನುತ್ತಿದ್ದಳು.
ಹೋದ ಅಕ್ಟೋಬರಿನಲ್ಲಿ ಎಡಗೈ ಬಿತ್ತು, ತುಟಿ ವಾಲಿತು.
ಹನ್ನೆರಡು ದಿನ ಆಸ್ಪತ್ರೆಯಲ್ಲಿ ಬರೀ ಉಸಿರು.
ಹದಿಮೂರನೆಯ ಬೆಳಿಗ್ಗೆ ಬಾಯಿ ಬಿಟ್ಟು
‘ಆವ್’ ಅಂದಳು.

ನೀರು. ಕುರ್ದಿಷಿನಲ್ಲಿ.

ಮಾವನನ್ನು ದ್ರಾಕ್ಷಿತೋಟದ ದಾರಿಯಲ್ಲಿ
ಹೊಡೆದು ಕೆಡವಿದವರ ಮಾತು.
ಆ ರಾತ್ರಿಯಿಂದ ಹೊಸಿಲ ಹೊರಗಿಟ್ಟ ಮಾತು.
ಚಪ್ಪಲಿಯನ್ನಾದರೂ ಒಳಗೆ ತಂದೇವು, ಅದನ್ನು ತರಲಿಲ್ಲ.
ನಮ್ಮಿಬ್ಬರಿಗೂ ಅರ್ಥವಾಯಿತು.
ಇಬ್ಬರೂ ಕಿವುಡಾದೆವು.
ಮಲ್ಕೆ ಕಿಟಕಿಯ ಪರದೆಯ ನೂಲು ಎಳೆಯುತ್ತ ನಿಂತ.

‘ಆವ್’, ಮತ್ತೆ.

ನೆಲ ಒರೆಸುತ್ತಿದ್ದ ಹುಡುಗಿ ಕೋಲು ಗೋಡೆಗಾನಿಸಿ ಬಂದಳು.
ಕೈ ಒರೆಸಿಕೊಂಡು, ತಲೆ ಎತ್ತಿ ಹಿಡಿದು, ಚಮಚದಲ್ಲಿ ಕುಡಿಸಿದಳು.
ಏನೋ ಹೇಳಿದಳು. ಅತ್ತೆ ಏನೋ ಹೇಳಿದಳು.
ಅತ್ತೆಯ ಅರ್ಧ ಮುಖ ನಕ್ಕಿತು.
ನಾವು ಮೂರು ವಾರದಿಂದ ಕಾಯುತ್ತಿದ್ದ ಅರ್ಧ.

ಹುಡುಗಿ ಜೋಜಾನ್. ಮನೆ ಆರೈಕೆಗೂ ಬರುತ್ತಾಳೆ ಈಗ,
ನಗರಸಭೆ ಕಳಿಸುತ್ತದೆ, ಬೆಳಿಗ್ಗೆ ಅರ್ಧ ಗಂಟೆ.
ಬಾಗಿಲ ಹಿಂದೆ ನಿಂತು ಕೇಳಿದ್ದೇನೆ, ತಪ್ಪೇನು?
ಒಂದು ಕುಂಟ ಮೇಕೆಯ ಕಥೆ. ಗುಲೆ ಎಂಬ ನೆರೆಯವಳು.
ಅತ್ತೆ ಕೂಸಾಗಿದ್ದಾಗ ತಾಯಿಗೆ ಜ್ವರ ಬಂದು,
ಗುಲೆ ತನ್ನ ಮಗಳನ್ನು ಒಂದು ಮಡಿಲಿಗೆ, ಇವಳನ್ನು ಒಂದು ಮಡಿಲಿಗೆ ಹಾಕಿಕೊಂಡು—
ಇದನ್ನು ನಮಗ್ಯಾರಿಗೂ ಹೇಳಿರಲಿಲ್ಲ.
ನಾವು ಕೇಳಿದ ಭಾಷೆಯಲ್ಲಿ ಅದು ಇರಲಿಲ್ಲವೇನೋ.

ನಿನ್ನೆ ಊಟದ ಹೊತ್ತು.
ಅಫ್ರೇಮ್ ಬಾಯಿ ತುಂಬ ಅನ್ನ ಇಟ್ಟುಕೊಂಡು
ಲೋಟದ ಕಡೆ ಕೈ ಚಾಚಿ, ‘ಆವ್’ ಅಂದ.
ಅಜ್ಜಿಯ ಕೋಣೆಯಿಂದ ಎತ್ತಿಕೊಂಡು ಬಂದದ್ದು.
ಮಲ್ಕೆಯ ಕೈ ಗಾಳಿಯಲ್ಲಿ ನಿಂತಿತು.
ರೊಟ್ಟಿಯಿಂದ ಮೊಸರು ತೊಟ್ಟಿಕ್ಕಿತು ಮೇಜಿನ ಬಟ್ಟೆಗೆ,
ಒಂದು ಹನಿ, ಇನ್ನೊಂದು.
ಆಮೇಲೆ ಹೂಜಿ ಎತ್ತಿದ. ಲೋಟ ತುಂಬಿಸಿದ.
ತುಂಬಿದ ಮೇಲೂ ಹೊಯ್ಯುತ್ತಲೇ ಇದ್ದ.

ಗೆರೆಯ ಮೇಲೆ ಎಲ್ಲವನ್ನೂ ಬರೆದೆ.
ಜಾಗ ಸಾಲದೆ ಅಂಚಿಗೆ, ಅಂಚಿನಿಂದ ಹಾಳೆಯ ಬೆನ್ನಿಗೆ.
ಶಾಲೆಯವರು ಬೇರೆ ಹಾಳೆ ಕಳಿಸಿದ್ದಾರೆ.
ದಯವಿಟ್ಟು ಒಂದನ್ನು ಮಾತ್ರ ನಮೂದಿಸಿ,
ಪಾಠಕ್ಕೆ ಮೇಷ್ಟ್ರನ್ನು ಹುಡುಕಬೇಕಲ್ಲ.
ಅದೂ ಸರಿಯೇ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಹಾಲಿನ ಲೆಕ್ಕದ ಪಕ್ಕ.
ಕೊನೆಯ ದಿನ ಶುಕ್ರವಾರ.